ಎರಡು ಬೆರಳಿನಿಂದ ಎರಡು ಬೆರಳಿಗೆ

ಚಿಕ್ಕೋಡಿ,
೧೬ ಮಾರ್ಚ್ ೨೦೨೫, ರವಿವಾರ

ಶಿವರಾಜ ಅವರಿಗೆ,

ಪ್ರಾಜಕ್ತಾಳ ನಮಸ್ಕಾರ. ಆರು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡಿ. ಇದು ಕೋರ್ಟಿನ ಕಾಗದವಲ್ಲ, ಯಾರಿಗೂ ಏನೂ ಆಗಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಡುವೆ ನೀವು ಏನಾದರೂ ಒಳ್ಳೆಯ ಮಾತು ಆಡಿಬಿಡುತ್ತೀರಿ, ನಾನು ಉಳಿದದ್ದನ್ನು ನುಂಗಿಕೊಂಡು ಇಟ್ಟುಬಿಡುತ್ತೇನೆ. ಇದನ್ನು ಪೂರ್ತಿ ಹೇಳಲೇಬೇಕಾಗಿದೆ.

ನಿಪ್ಪಾಣಿಯ ತವರಿನಲ್ಲಿ ಎರಡು ವರ್ಷ ಸುಮ್ಮನೆ ಕೂತು, ಮತ್ತೆ ನರ್ಸ್ ಕೆಲಸಕ್ಕೆ ಸೇರಿದ್ದು ನಿಮ್ಮ ಕಿವಿಗೆ ಬಿದ್ದಿರಬಹುದು. ಕಣ್ಣಿನ ವಿಭಾಗವನ್ನು ಕೇಳಿ ಪಡೆದಿದ್ದೆ. ಅಲ್ಲಿ ಬರುವವರೆಲ್ಲ ಮುದುಕರು, ಮಕ್ಕಳ ಮುಖ ನೋಡುವ ಪ್ರಸಂಗವಿರಲಿಲ್ಲ. ಹೋದ ದೀಪಾವಳಿಯ ಹೊತ್ತಿಗೆ ನನ್ನನ್ನು ಇಲ್ಲಿಯ ಮಕ್ಕಳ ವಾರ್ಡಿಗೆ ಹಾಕಿದರು. ಒಲ್ಲೆ ಅನ್ನಬೇಕಾದರೆ ಕಾರಣ ಹೇಳಬೇಕಿತ್ತು. ಹೇಳುವುದರ ಬದಲು ಸೇರಿಕೊಂಡೆ. ಇಷ್ಟು ದಿನ ತಲೆ ಬಗ್ಗಿಸಿ ಔಷಧ ಕೊಟ್ಟು, ಜ್ವರ ನೋಡಿ, ಯಾವ ಮಗುವಿನ ಹೆಸರೂ ನೆನಪಿನಲ್ಲಿ ಉಳಿಯದ ಹಾಗೆ ನೋಡಿಕೊಂಡಿದ್ದೆ.

ಕಳೆದ ಸೋಮವಾರ ಸಂಜೆ ಮಂಗಸೂಳಿಯಿಂದ ಅಪೂರ್ವ ಎಂಬ ಎಂಟು ವರ್ಷದ ಹುಡುಗಿಯನ್ನು ಕರೆತಂದರು. ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಹಣ್ಣು ಹರಡುವ ಬಲೆಯ ಮೇಲಿನ ಅಂತಸ್ತಿಗೆ ಹತ್ತಿ ಜಾರಿ ಬಿದ್ದಿದ್ದಳು. ಎಡಗೈ ಮೊಣಕೈ ಹತ್ತಿರ ಮುರಿದಿತ್ತು. ಅವಳ ತಾಯಿ ಹಸಿ ಬಾಣಂತಿ, ಹಾಗಾಗಿ ಅಜ್ಜಿ ತಾರಾಬಾಯಿ ಜೊತೆಗಿದ್ದರು. ಅಂದು ಸಂಜೆಯ ಪಾಳಿಯವರು ಸೂಜಿ ಚುಚ್ಚುವಾಗ "ಏನೂ ಆಗಂಗಿಲ್ಲ, ಇರುವಿ ಕಚ್ಚಿದಂಗ" ಎಂದು ಹೇಳಿದ್ದರಂತೆ. ಆಗದೇ ಇರುತ್ತದೆಯೇ? ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವಳು ಆ ಸೂಜಿಯನ್ನು ತಾನೇ ಕಿತ್ತೊಗೆದು, ಬಲಗೈಯಿಂದ ಮಂಚದ ಸರಳು ಹಿಡಿದು ಕಿರುಚುತ್ತಿದ್ದಳು.

ಎಡಗೈ ಬೆರಳುಗಳು ಬಾತು ತಣ್ಣಗಾಗತೊಡಗಿದ್ದವು. ರಕ್ತ ಸರಿಯಾಗಿ ಹರಿಯುತ್ತಿಲ್ಲ, ಕೂಡಲೇ ಆಪರೇಷನ್ ಆಗಬೇಕು, ತಡವಾದರೆ ಕೈ ಮೊದಲಿನ ಹಾಗೆ ಆಗುವುದು ಕಷ್ಟ ಎಂದು ಡಾಕ್ಟರ್ ಭೀಮಗೊಂಡ ಹೇಳಿದರು. ಅರಿವಳಿಕೆ ಕೊಡಬೇಕಾದರೆ ಮತ್ತೆ ಸೂಜಿ ಹಾಕಬೇಕು. ನಾಲ್ಕು ಜನ ಅದುಮಿ ಹಿಡಿದರೆ ಹಾಕಬಹುದಿತ್ತು, ಆದರೆ ಒದ್ದಾಟದಲ್ಲಿ ಮುರಿದ ಎಲುಬು ಇನ್ನಷ್ಟು ಜರುಗುವ ಭಯ. ತಾರಾಬಾಯಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದರು.

ಆಗ ನನಗೆ ಏನಾಯಿತೋ. ಔಷಧದ ಕಟ್ಟಿಗೆ ಹಾಕಿದ್ದ ಕೆಂಪು ರಬ್ಬರ್ ಬ್ಯಾಂಡ್ ತೆಗೆದು ಮೊದಲ ಎರಡು ಬೆರಳಿಗೆ ಹಾಕಿಕೊಂಡೆ, ಮುಷ್ಟಿ ಮಾಡಿದೆ, ಬಿಚ್ಚಿದೆ. ಬ್ಯಾಂಡ್ ಕೊನೆಯ ಎರಡು ಬೆರಳಿಗೆ ಹಾರಿತು. ಮದುವೆಯಾದ ಹೊಸದರಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿ ನೀವು ಕಲಿಸಿದ್ದು. ಮನಸ್ಸು ಮರೆತಿತ್ತು, ಕೈ ಮರೆತಿರಲಿಲ್ಲ.

ಕಿರುಚಾಟ ನಿಂತಿತು. ಮತ್ತೊಮ್ಮೆ ಮಾಡಿದೆ. ಮೂರನೆಯ ಸಲ ಅವಳು ಸರಳು ಬಿಟ್ಟು ನನ್ನ ಬೆರಳು ಮುಟ್ಟಿ ನೋಡಿದಳು. ಆಮೇಲೆ ಕೇಳಿದಳು:

"ಹಂಗಾರ ನನ್ನ ಬ್ಯಾನಿನೂ ಮಾಯ ಮಾಡ್ತಿ?"

ಹೂಂ ಅಂದಿದ್ದರೆ ಆ ಕ್ಷಣಕ್ಕೆ ಕೆಲಸ ಸುಲಭವಾಗುತ್ತಿತ್ತು. ಆದರೆ ಹಿಂದಿನ ದಿನವೇ ಒಮ್ಮೆ ಮೋಸಹೋದ ಕಣ್ಣುಗಳು ಅವು.

"ಇಲ್ಲವಾ, ನನಗ ಬರಂಗಿಲ್ಲ. ಸೂಜಿ ಚುಚ್ಚಿದ್ರ ನೋವಾಗತೈತಿ. ನಾ ಹತ್ತು ಎಣಿಸೂದ್ರಾಗ ಕಡಿಮಿ ಆಗತೈತಿ. ಇದು ಬರೇ ಕೈಚಳಕ. ಬೇಕಂದ್ರ ನಿನಗ ಕಲಿಸ್ತೇನಿ, ಒಂದ ಕೈಲೆ ಬರತೈತಿ" ಅಂದೆ.

ಅವಳು ಬಲಗೈ ಚಾಚಿದಳು.

ಡಾಕ್ಟರು ಗಡಿಯಾರ ನೋಡುತ್ತಿದ್ದರು, ಆದರೂ ಐದು ನಿಮಿಷ ಬಿಟ್ಟರು. ಆ ಸಣ್ಣ ಬೆರಳಿಗೆ ಬ್ಯಾಂಡ್ ದೊಡ್ಡದಾಗಿ ಎರಡು ಸಲ ಕೆಳಗೆ ಬಿತ್ತು. ಎರಡು ಸುತ್ತು ಹಾಕಿ ಕೊಟ್ಟೆ. ಹೆಬ್ಬೆರಳಿನಿಂದ ಎಳೆದುಕೊಳ್ಳುವುದು ತಿಳಿದ ಮೇಲೆ ತಾನೇ ಹಾರಿಸಿದಳು. ಸೂಜಿ ಕಾಲಿಗೆ ಹಾಕುತ್ತೇನೆ, ಯಾವ ಕಾಲು ಬೇಕು ನೀನೇ ಹೇಳು ಎಂದೆ. ಎಡಗಾಲು ಅಂದಳು. ಆಮೇಲೆ ಡಾಕ್ಟರ್ ಭೀಮಗೊಂಡರನ್ನು ಎದುರಿಗೆ ಕೂರಿಸಿಕೊಂಡು "ನೋಡ್ರಿ, ಕಣ್ಣ ಪಿಳುಕಿಸಬ್ಯಾಡ್ರಿ" ಎಂದು ಅಪ್ಪಣೆ ಮಾಡಿದಳು.

"ಈಗ ಚುಚ್ಚತೇನಿ" ಅಂದೆ. "ಹಾಂ" ಅಂದಳು. ಕಣ್ಣಿನಿಂದ ನೀರು ಇಳಿಯಿತು, ಕಾಲು ಅಲುಗಲಿಲ್ಲ. ಎಂಟು ಎಣಿಸುವಷ್ಟರಲ್ಲಿ ಬ್ಯಾಂಡ್ ಹಾರಿತು.

"ಏ! ಹೆಂಗ ಮಾಡಿದಿ?" ಎಂದು ಡಾಕ್ಟರು ನಿಜವಾಗಿಯೂ ಬೆರಗಾದರು.

"ನಿಮಗ ಹೇಳಂಗಿಲ್ರಿ. ಸಿಸ್ಟರ್‌ಗೂ ನನಗೂ ಅಷ್ಟ ಗೊತ್ತು."

ಆಪರೇಷನ್ ಚೆನ್ನಾಗಿ ಆಯಿತು. ಬುಧವಾರ ಬೆಳಿಗ್ಗೆ ಅವಳ ಎಡಗೈ ಬೆರಳು ಹಿಡಿದು ನೋಡಿದೆ, ಬೆಚ್ಚಗಿದ್ದವು. ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಸಂಕಟದ ಅಳು ಅಲ್ಲ. ಆದರೆ ಅಲ್ಲಿ ಕೂತಾಗ, ಇಷ್ಟು ವರ್ಷ ನಿಮ್ಮಿಂದ ಬಚ್ಚಿಟ್ಟದ್ದನ್ನು ಇನ್ನು ಇಟ್ಟುಕೊಳ್ಳಲಾಗುವುದಿಲ್ಲ ಎಂದು ತಿಳಿಯಿತು.

ನಮ್ಮ ತೇಜಲಳ ಕೊನೆಯ ವಾರ. ಡೆಂಗಿ ಜ್ವರ ಏರಿ ಅವಳು ಆಸ್ಪತ್ರೆಯಲ್ಲಿ ಮಲಗಿದ್ದಳು. ನೀವು ಶಾಲೆಯಿಂದ ನೇರ ಬಂದು ಅವಳ ಎದುರು ಇದೇ ಆಟ ಮಾಡುತ್ತಿದ್ದಿರಿ. ನಾನು ಎಲ್ಲರೆದುರಿಗೆ "ಮಗಳು ಸಾಯಾಕತ್ತಾಳ, ನೀವು ಆಟ ಹೂಡೀರಿ! ಆಕಿಗೆ ತ್ರಾಸ ಆಗಾಕತ್ತೈತಿ, ಹೊರಗ ಹೋಗ್ರಿ" ಎಂದು ಕೂಗಿದೆ. ನೀವು ಹೊರಗೆ ಹೋದಿರಿ. ಎರಡು ದಿನ, ಅವಳು ಹೋಗುವ ತನಕ, ಬಾಗಿಲ ಹೊರಗೇ ನಿಂತಿರಿ.

ಅವಳಿಗೆ ತ್ರಾಸವಾಗಿರಲಿಲ್ಲ. ಅದು ನಾನು ಹುಟ್ಟಿಸಿದ ಮಾತು. ಅವಳು ನಗುತ್ತಿದ್ದಳು. ನಾನು ನರ್ಸ್, ಅಂಕಿಗಳನ್ನು ಓದಬಲ್ಲೆ, ಅವಳು ಉಳಿಯುವುದಿಲ್ಲ ಎಂದು ನನಗೊಬ್ಬಳಿಗೆ ಆಗಲೇ ಗೊತ್ತಾಗಿತ್ತು. ಆ ನಗುವನ್ನು ನೋಡಲು ನನ್ನಿಂದ ಆಗಲಿಲ್ಲ. ಮರುದಿನ ಅವಳು ಕೇಳಿದಳು: "ಅಪ್ಪಾ ಎಲ್ಲಿ? ಬ್ಯಾಂಡ್ ಹಾರಸ್ತಾನಲ್ಲ, ಕರಿ." ಶಾಲೆಗೆ ಹೋಗಿದ್ದಾರೆ ಎಂದು ಹೇಳಿದೆ. ನೀವು ಬಾಗಿಲ ಆಚೆ ಇದ್ದಿರಿ.

ನಿಮ್ಮ ಕೈಗಳು ಸುಳ್ಳು ಕಲಿತಿವೆ, ಅದಕ್ಕೇ ಬಿಟ್ಟು ಬಂದೆ ಎಂದು ತವರಿನಲ್ಲಿ ಎಲ್ಲರಿಗೂ ಹೇಳಿದೆ. ಸುಳ್ಳಾಡಿದವಳು ನಾನು. ಮಗಳು ನಿಮ್ಮನ್ನು ಕರೆದಿದ್ದಳು. ಇದು ನಿಮಗೆ ಸೇರಬೇಕಾದ ಮಾತು, ತಡವಾಗಿ ಕೊಡುತ್ತಿದ್ದೇನೆ. ಕ್ಷಮಿಸಿ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಅದನ್ನು ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಈಗ ವಾರ್ಡಿನ ವಿಷಯ. ಅಪೂರ್ವ ನಾಲ್ಕು ದಿನದಲ್ಲಿ ಎಲ್ಲ ಮಕ್ಕಳಿಗೂ ಆ ಆಟ ಕಲಿಸಿಬಿಟ್ಟಿದ್ದಾಳೆ. ಕಬ್ಬೂರಿನ ಮಾಳೇಶನೆಂಬ ಐದು ವರ್ಷದವನು, ಬ್ಯಾಂಡೇಜ್ ಬಿಚ್ಚುವಾಗ ಕೈ ಕಚ್ಚುತ್ತಿದ್ದವನು, ಈಗ ತನ್ನ ಆಟಕ್ಕೆ ನಾವು ಮೋಸಹೋಗುವ ತನಕ ಬಿಚ್ಚಗೊಡುವುದಿಲ್ಲ, ಮೋಸಹೋದರೆ ಸುಮ್ಮನಿರುತ್ತಾನೆ. ಹೊಸ ಆಟ ಬೇಕೆಂದು ದಿನವೂ ಗಲಾಟೆ. ನನಗೆ ಬರುವುದು ಇದೊಂದೇ. ಡಾಕ್ಟರು ನರ್ಸುಗಳಿಗೆಲ್ಲ ನಾಲ್ಕಾರು ಆಟ ಕಲಿಸುವವರು ಸಿಕ್ಕರೆ ಚಲೋ ಎಂದಿದ್ದಾರೆ. ತೇಜಲ ಹೋದ ಮೇಲೆ ನೀವು ಆ ಜಾದೂ ಸಾಮಾನಿನ ಪೆಟ್ಟಿಗೆಯನ್ನೇ ತೆರೆದಿಲ್ಲ, ಗಣಿತ ಕಲಿಸಿ ಮನೆಗೆ ಹೋಗುತ್ತೀರಿ ಎಂದು ನಿಮ್ಮ ಶಾಲೆಯ ಲಕ್ಷ್ಮಿಬಾಯಿ ಟೀಚರ್ ಸಿಕ್ಕಾಗ ಹೇಳಿದರು.

ಶನಿವಾರ ನಿಮ್ಮ ಶಾಲೆ ಬೇಗ ಬಿಡುತ್ತದೆ. ರಾಯಬಾಗದಿಂದ ಬಸ್ಸು ಹಿಡಿದರೆ ಮೂರರ ಒಳಗೆ ಇಲ್ಲಿರಬಹುದು. ವಾರ್ಡು ಮೊದಲ ಮಹಡಿಯಲ್ಲಿದೆ. ಬರಲೇಬೇಕೆಂಬ ಒತ್ತಾಯವಿಲ್ಲ. ಮಕ್ಕಳಿಗಾಗಿ ಕೇಳುತ್ತಿದ್ದೇನೆ, ಅಷ್ಟೇ.

ಇಂತಿ,
ಪ್ರಾಜಕ್ತಾ

ತಾ.ಕ.: ಅಷ್ಟೇ ಎಂದು ಬರೆದೆ, ಅಷ್ಟೇ ಅಲ್ಲ. ಇದನ್ನು ಎಲ್ಲಿ ಕಲಿತಿರಿ ಸಿಸ್ಟರ್ ಎಂದು ಡಾಕ್ಟರು ಕೇಳಿದಾಗ "ನಮ್ಮ ಮನಿಯವರು ಕಲಿಸ್ಯಾರ್ರಿ" ಎಂದು ಬಾಯಿಂದ ಬಂದುಬಿಟ್ಟಿತು. ತಿದ್ದಲು ಸಾಕಷ್ಟು ಹೊತ್ತಿತ್ತು. ತಿದ್ದಲಿಲ್ಲ.