ಎರಡು ಸುತ್ತು ಸಡಿಲ

ಫೆಬ್ರವರಿ 4, ಮಧ್ಯಾಹ್ನ

ಮೇಲ್ಸಾಲಿನ ಎರಡು ಹಲ್ಲು ವಾಪಸ್ ಬಂದಿವೆ. ಕಚ್ಚು ಸರಿಯಿಲ್ಲವಂತೆ. ಹದಿನೆಂಟು ವರ್ಷದಿಂದ ಕಂಡವರ ಬಾಯಿಗೆಲ್ಲ ಹಲ್ಲಿನ ಸೆಟ್ ಮಾಡಿಕೊಟ್ಟಿದ್ದೇನೆ, ನನಗೆ ಕಚ್ಚು ಹೇಳಿಕೊಡುತ್ತಾರೆ ಡಾಕ್ಟರು. ತಿದ್ದಿ ಕಳಿಸಿದೆ. ಬಾಯಿ ಮುಚ್ಚಿಕೊಂಡು.

ಆಮೇಲೆ ಅದೇ ಮೇಜಿನ ಮೇಲೆ ದೋಣಿ. ಹೊಸದು, ಅಂಗಡಿಯದು. ರಿಮೋಟಿನಲ್ಲಿ ಓಡುವ ಬ್ಯಾಟರಿ ದೋಣಿಗಳ ರೇಸಿಗೆ ಇನ್ನೊಂದು ತಿಂಗಳು. ಮೋಟಾರಿನಿಂದ ಪ್ರೊಪೆಲರಿನ ತನಕ ಹೋಗುವ ಉಕ್ಕಿನ ಕೇಬಲ್ಲನ್ನು ಕೊಳವೆಯಿಂದ ಹೊರಗೆಳೆದು ಒರೆಸಿ, ಹೊಸ ಗ್ರೀಸ್. ಹೆಬ್ಬೆರಳಿನಿಂದ ಒತ್ತಿ ಒತ್ತಿ ಎಳೆಗಳ ಸಂದಿಗೆ ತುಂಬಿಸುವುದು ನನ್ನ ಅಭ್ಯಾಸ. ಮುಂದಿನ ಎರಡಿಂಚು ಮಾತ್ರ ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಿಸಿದೆ. ಅಲ್ಲಿ ಮೋಟಾರಿನ ಕಾಲೆಟ್ ಕೇಬಲ್ಲನ್ನು ಕಚ್ಚಿ ಹಿಡಿಯುತ್ತದೆ. "ಹಿಡಿಯೋ ಜಾಗಕ್ಕೆ ಗ್ರೀಸ್ ತಾಗಬಾರದು" ಅಂತ ಅಪ್ಪ ಸಾವಿರ ಸಲ ಹೇಳಿದ್ದಾರೆ. ಬೇರೆಯವರಿಗೆ ಮರೆಯುತ್ತದೆ. ನನಗಲ್ಲ.

ಆ ಹಿಡಿತ ಬಿಟ್ಟರೆ ಏನಾಗುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಕಳೆದ ವರ್ಷದ ಫೈನಲ್. ಮೂರನೇ ತಿರುವಿನಲ್ಲಿ ಕೇಬಲ್ ಪ್ರೊಪೆಲರ್ ಸಮೇತ ಹಿಂದಿನಿಂದ ಜಾರಿಹೋಯಿತು. ಮೋಟಾರ್ ಸುಮ್ಮನೆ ಕಿರುಚಿತು. ದೋಣಿ ಅದೇ ವೇಗದಲ್ಲಿ ಕೆರೆಯ ನಡುವಿನ ತನಕ ತೇಲಿ ನಿಂತಿತು. ಖಾಲಿಯಾದ ಕೊಳವೆಯಿಂದ ನೀರು ಒಳಗೆ. ತೂಕ ಜಾಸ್ತಿಯಾಗುತ್ತದೆ ಅಂತ ಅಪ್ಪ ಒಳಗೆ ಥರ್ಮೋಕೋಲ್ ಹಾಕುತ್ತಿರಲಿಲ್ಲ. ಎರಡು ನಿಮಿಷ. ಅಪ್ಪ ಕೈಯಾರೆ ಮಾಡಿದ ಕೆಂಪು ದೋಣಿ ನನ್ನ ಕಣ್ಣೆದುರೇ ಹೋಯಿತು.

ಹಿಂದಿನ ಸಂಜೆ ಅದರ ಕಾಲೆಟ್ ಬಿಗಿದು, ನಟ್ಟಿಗೆ ಗುರುತು ಹಾಕಿದವನು ಲಿಫ್ಟ್‌ನವನು.

ಒಡಹುಟ್ಟಿದವನೇ. ಆದರೆ ಅಣ್ಣ ಅಂತ ಬಾಯಲ್ಲೂ ಕರೆಯುವುದಿಲ್ಲ, ಈ ಪುಸ್ತಕದಲ್ಲೂ ಬರೆಯುವುದಿಲ್ಲ ಅಂತ ಅವತ್ತೇ ತೀರ್ಮಾನಿಸಿದ್ದೇನೆ.

ಫೆಬ್ರವರಿ 9, ಭಾನುವಾರ

ಕೆರೆಯಲ್ಲಿ ಪ್ರಾಕ್ಟೀಸ್. ಅವನೂ ಬಂದಿದ್ದ. ನೀಲಿ ದೋಣಿ. ಅಪ್ಪ ಒಂದೇ ಅಚ್ಚಿನಲ್ಲಿ ಎರಡು ತೆಗೆದಿದ್ದರು, ಕೊನೆಯ ವರ್ಷ. ಕೆಂಪು ನನಗೆ, ನೀಲಿ ಅವನಿಗೆ. ಈಗ ಅದೊಂದೇ ಉಳಿದಿರುವುದು.

ಕೈಯೆತ್ತಿದ. ನಾನು ಸ್ಪ್ಯಾನರ್ ನೋಡಿಕೊಂಡು ಕೂತೆ.

ಹತ್ತಂತಸ್ತಿನ ಕಟ್ಟಡಗಳ ಲಿಫ್ಟ್ ಹಗ್ಗ ಬಿಗಿದು ಸಂಬಳ ತೆಗೆದುಕೊಳ್ಳುವವನು. ಬೆರಳುದ್ದದ ಕಾಲೆಟ್ ಬಿಗಿಯಲು ಬರಲಿಲ್ಲ ಅಂದರೆ ಯಾರಾದರೂ ನಂಬುತ್ತಾರೆಯೇ? ಬೇಕಂತಲೇ ಬಿಟ್ಟಿದ್ದಾನೆ. ಅಪ್ಪ ಲೇತ್ ಯಂತ್ರವನ್ನು ನನಗೆ ಬಿಟ್ಟುಹೋದದ್ದೇ ಅವನಿಗೆ ಉರಿ. ಫೈನಲ್ಲಿನ ಹಿಂದಿನ ಸಂಜೆ, ಕ್ಲಬ್ಬಿನ ಶೆಡ್ಡಿನ ಬಾಗಿಲಲ್ಲಿ, ಎಲ್ಲರೆದುರು ಅದಕ್ಕೇ ಜಗಳವಾಗಿತ್ತು. ಒಂದು ಗಂಟೆಯ ನಂತರ ತಪಾಸಣೆಯ ಚೀಟಿಯಲ್ಲಿ ನನ್ನ ದೋಣಿ ಅವನ ಕೈಗೆ.

ಫೆಬ್ರವರಿ 12

ಮನೆಯವರ ಹತ್ತಿರ ಬಾಯಿಬಿಟ್ಟೆ. ಪೇಪರಿನಿಂದ ತಲೆಯೆತ್ತದೆ, ಒಂದು ದೋಣಿಗೆ ವರ್ಷವಿಡೀ ಸೂತಕವಾ ಅಂದರು. ಇವರ ಸ್ಕೂಟರಿಗೆ ಗೀರು ಬಿದ್ದಾಗ ಮೂರು ದಿನ ಊಟ ಸೇರಿರಲಿಲ್ಲ. ನೆನಪಿಸಿದೆ. ಪೇಪರ್ ಇನ್ನೂ ಮೇಲೆ ಹೋಯಿತು.

ನನ್ನದು ಮುಳುಗಿತು. ಅವನದೂ ಮುಳುಗಲಿ. ಆಗ ಸಮ. ಶೀಲ್ಡ್ ಗೀಲ್ಡ್ ನನಗೆ ಬೇಡ. ದಡದಲ್ಲಿ ನಿಂತು ರಿಮೋಟ್ ಒತ್ತಿ ಒತ್ತಿ, ಏನೂ ಆಗದೆ, ಅವನ ಮುಖ ಹೇಗಾಗುತ್ತದೆ ಅಂತ ನೋಡಬೇಕು. ಅಷ್ಟೇ.

ಫೆಬ್ರವರಿ 26

ಮೆಟ್ಟಿಲು ರಿಪೇರಿಗೆ ಕೆರೆಯ ನೀರು ಇಳಿಸುತ್ತಿದ್ದಾರೆ. ರೇಸ್ ಇದ್ದೇ ಇದೆ, ಆಳದ ಕಡೆ. ಕ್ಲಬ್ಬಿನ ಕಾರ್ಯದರ್ಶಿ ಫೋನ್ ಮಾಡಿ ಹೇಳಿದರು. ರಿಟೈರಾದ ಡ್ರಾಯಿಂಗ್ ಮೇಷ್ಟ್ರು, ಒಂದು ವಿಷಯ ಹೇಳಲು ಹತ್ತು ನಿಮಿಷ. ನಿಯಮವನ್ನೂ ಒಪ್ಪಿಸಿದರು, ನನಗೆ ಗೊತ್ತಿಲ್ಲವೇನೋ ಅನ್ನುವ ಹಾಗೆ. ಹಿಂದೊಮ್ಮೆ ಯಾರದೋ ಪ್ರೊಪೆಲರ್ ಹಾರಿ ನೋಡುತ್ತಿದ್ದವರ ಕಾಲು ಕೊಯ್ದ ಮೇಲೆ ಬಂದ ನಿಯಮ — ತನ್ನ ದೋಣಿಯನ್ನು ತಾನೇ ಪಾಸ್ ಮಾಡುವಂತಿಲ್ಲ. ಹಿಂದಿನ ಸಂಜೆ ಚೀಟಿ ಎತ್ತಿ, ಬಂದ ದೋಣಿಯ ಕಾಲೆಟ್, ನಟ್ ಎಲ್ಲ ನಾವು ಬಿಗಿಯಬೇಕು. ಪ್ರೊಪೆಲರಿನ ನಟ್ಟಿನಿಂದ ಶಾಫ್ಟಿನವರೆಗೆ ಕೆಂಪು ಬಣ್ಣದ ಗೆರೆ, ನಟ್ ಅಲುಗಿದರೆ ಗೊತ್ತಾಗಲಿ ಅಂತ. ಮುಚ್ಚಳಕ್ಕೆ ಟೇಪ್, ಟೇಪಿನ ಮೇಲೆ ಸಹಿ. ದೋಣಿಗಳು ಶೆಡ್ಡಿನಲ್ಲಿ, ಬೀಗದೊಳಗೆ. ಬೆಳಿಗ್ಗೆ ಬೇಕಿದ್ದರೆ ಮಾಲೀಕ ಟೇಪ್ ಕಿತ್ತು ಐದು ನಿಮಿಷ ನೋಡಿಕೊಳ್ಳಬಹುದು.

ಆ ಐದು ನಿಮಿಷದ್ದೇ ಚಿಂತೆ.

ಮಾರ್ಚ್ 8, ಸಂಜೆ 6

ಆಯಿತು.

ನನಗೆ ಬಂದ ಚೀಟಿ ಕ್ಷೌರದಂಗಡಿಯವನ ದೋಣಿ. ನೀಲಿ ದೋಣಿ ಆ ಕ್ಷೌರದವನಿಗೇ ಬಂದಿತ್ತು. ಅಂಗಡಿಗೆ ಹೋಗಲು ಚಡಪಡಿಸುತ್ತಿದ್ದ, ಶನಿವಾರದ ಗಿರಾಕಿಗಳು. ಎರಡನ್ನೂ ನಾನೇ ನೋಡುತ್ತೇನೆ, ಹೋಗು ಅಂದೆ. ಕೈಮುಗಿದು ಓಡಿದ. ಮೇಷ್ಟ್ರು ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದುಕೊಂಡರು. ಕನ್ನಡಕದ ಮೇಲಿಂದ ಒಂದು ಸಲ ನೋಡಿದರು.

ಮುಚ್ಚಳ ತೆಗೆದೆ. ಒಳಗೆ ಅಪ್ಪನ ಪೆನ್ಸಿಲ್ ಗುರುತುಗಳು ಹಾಗೇ ಇವೆ. ನೋಡಬಾರದಿತ್ತು, ನೋಡಿದೆ. ಕಾಲೆಟ್ ಪೂರ್ತಿ ಬಿಗಿದು, ಆಮೇಲೆ ಎಂಟರ ಸ್ಪ್ಯಾನರಿನಿಂದ ಎರಡು ಸುತ್ತು ಸಡಿಲ ಬಿಟ್ಟೆ. ಎರಡೇ. ಮೊದಲ ಲ್ಯಾಪಿನಲ್ಲಿ ಹೇಗೋ ಹಿಡಿದಿರುತ್ತದೆ. ಎರಡನೆಯದರಲ್ಲಿ ಪೂರ್ತಿ ವೇಗ ಕೊಟ್ಟಾಗ ಜಾರುತ್ತದೆ. ಹಿಂದಿನ ನಟ್ ಗಟ್ಟಿ, ಗೆರೆ ಅಚ್ಚುಕಟ್ಟು. ಟೇಪ್. ಸಹಿ.

ಮನೆಗೆ ಬಂದೆ. ರಾತ್ರಿಗೆ ಏನು ಅಡುಗೆ ಅಂತ ಕೇಳಲು ಬಂದ ಮನೆಯವರು ನಿಂತುಬಿಟ್ಟರು. ಏನು, ಗುನುಗ್ತಾ ಇದ್ದೀಯ? ಅಂದರು. ಹೌದಂತೆ. ನನಗೇ ಗೊತ್ತಾಗಿರಲಿಲ್ಲ.

ಮಾರ್ಚ್ 9, 8:40, ಕೆರೆ ದಂಡೆ

ಸ್ಪ್ಯಾನರ್ ಪೆಟ್ಟಿಗೆಯಲ್ಲಿ ಈ ಪುಸ್ತಕ ಇತ್ತು, ಸದ್ಯ. ಏನಾದರೂ ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಮೇಷ್ಟ್ರು ಪೇಪರಿನಲ್ಲಿ ಸುತ್ತಿದ ಒಂದು ಉದ್ದನೆಯ ಕಟ್ಟು ಕೈಗಿಟ್ಟರು. ಮೆಟ್ಟಿಲಿನ ಕೆಲಸದವರಿಗೆ ಕೆಸರಿನಲ್ಲಿ ಸಿಕ್ಕಿದ್ದಂತೆ, ಮೂರನೇ ತಿರುವಿನ ಹತ್ತಿರ. ನಿಮ್ಮದೇ ಇರಬೇಕು ಅಂದರು. ನನ್ನದೇ. ಕೆಂಪು ದೋಣಿಯ ಕೇಬಲ್. ತುದಿಯಲ್ಲಿ ಪ್ರೊಪೆಲರ್, ನಟ್. ಅವನು ಎಳೆದ ಗೆರೆ ಒಂದು ಕೂದಲೆಳೆಯಷ್ಟೂ ಅಲುಗಿಲ್ಲ.

ಇರಲಿ. ನಟ್ ಬಿಗಿದವನು ಕಾಲೆಟ್ ಬಿಡಬಹುದಲ್ಲ. ತೊಳೆದು ನೋಡುತ್ತೇನೆ.

9:05

ಮುಂದಿನ ತುದಿ. ಎರಡಿಂಚು ಉದ್ದಕ್ಕೂ ಗೀರುಗಳು, ಆಳವಾಗಿ, ಕಾಲೆಟ್ಟಿನ ಹಲ್ಲು ಕಚ್ಚಿ ಎಳೆದದ್ದು. ಸಡಿಲ ಬಿಟ್ಟಿದ್ದರೆ ಹೀಗೆ ಗೀರು ಬೀಳುವುದಿಲ್ಲ. ಕಚ್ಚಿದ ಗುರುತು ಓದುವುದು ನನ್ನ ಕಸುಬು. ಇದು ಬಿಗಿದದ್ದೇ. ಶಕ್ತಿ ಹಾಕಿ ಬಿಗಿದದ್ದು. ಆದರೂ ಜಾರಿದೆ.

ಗ್ರೀಸ್. ತುದಿಯ ತನಕ.

ಕೊಳವೆಯಿಂದ ಜಾರುವಾಗ ತಾಗಿರಬಹುದು ಅಂತ ಒಂದು ನಿಮಿಷ ನನ್ನನ್ನೇ ನಂಬಿಸಲು ನೋಡಿದೆ. ಇಲ್ಲ. ಪಿನ್ನಿನಿಂದ ಕೆದಕಿದೆ. ಎಳೆಗಳ ಸಂದಿಯೊಳಗೆ ಗಟ್ಟಿಯಾಗಿ ತುಂಬಿದೆ, ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬಿದ್ದು. ಹಾಗೆ ತುಂಬುವವಳು ಈ ಕ್ಲಬ್ಬಿನಲ್ಲಿ ಒಬ್ಬಳೇ. ಹೊರಗಿನಿಂದ ಎಷ್ಟು ಬಿಗಿದರೂ ಇದು ಯಾರಿಗೂ ಗೊತ್ತಾಗುವುದಿಲ್ಲ. ಸ್ಪ್ಯಾನರಿಗೆ ಗಟ್ಟಿಯೇ ಅನ್ನಿಸುತ್ತದೆ.

ಅವತ್ತು ಜಗಳವಾಡಿ ಬಂದು ಕೂತು ಕೇಬಲ್ ಹಾಕಿದ್ದೆ. ತಲೆಯಲ್ಲಿ ಇನ್ನೂ ಜಗಳವೇ ಓಡುತ್ತಿತ್ತು. ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆದ ನೆನಪಿಲ್ಲ. ಎಷ್ಟು ಯೋಚಿಸಿದರೂ ಇಲ್ಲ.

ಈಗಲೂ ಸಿಟ್ಟು ಬರುತ್ತಿರುವುದು ಅವನ ಮೇಲೇ. ತಪ್ಪು ಮಾಡದೇ ಇದ್ದದ್ದಕ್ಕೆ. ಒಂದು ವರ್ಷ ಕಟ್ಟಿಕೊಂಡು ತಿರುಗಿದ ಹಗೆಯನ್ನು ಎಲ್ಲಿ ಇಳಿಸಲಿ?

9:30

ಐದು ನಿಮಿಷ ಇದೆಯಲ್ಲ. ಟೇಪ್ ಕೀಳುತ್ತಾನೆ, ನೋಡುತ್ತಾನೆ, ತಾನೇ ಬಿಗಿದುಕೊಳ್ಳುತ್ತಾನೆ. ಕೆಲಸದಲ್ಲಿ ಹಗ್ಗವನ್ನು ಎರಡೆರಡು ಸಲ ನೋಡುವವನು. ಬೈಯಲಿ, ಕ್ಯಾಕರಿಸಿ ಉಗಿಯಲಿ. ದೋಣಿ ಉಳಿದರೆ ಸಾಕು. ನಾನು ಏನೂ ಹೇಳಬೇಕಾಗಿಲ್ಲ.

9:40

ಕೀಳಲಿಲ್ಲ.

ಮೇಷ್ಟ್ರು ಕೇಳಿದರು, ನನ್ನೆದುರೇ. ಅವನು ಟೇಪಿನ ಮೇಲಿನ ಸಹಿ ನೋಡಿದ. ಹೆಬ್ಬೆರಳಿನಿಂದ ಸವರಿದ.

"ಇವಳು ಬಿಗಿದಿದ್ದಾಳಾ? ಹಾಗಿದ್ರೆ ಬೇಡ ಮೇಷ್ಟ್ರೇ. ಕೈ ಅಪ್ಪಂದೇ ಇವಳಿಗೆ."

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಉತ್ತರ ಕೊಡುವುದಿಲ್ಲ ಅಂತ ಅಭ್ಯಾಸವಾಗಿರಬೇಕು.

9:50

ಮೇಷ್ಟ್ರು ಸೀಟಿ ಹುಡುಕುತ್ತಿದ್ದಾರೆ. ನೀಲಿ ದೋಣಿ ಅವನ ಕಂಕುಳಲ್ಲಿ. ಅಪ್ಪ ಹಿಡಿಯುತ್ತಿದ್ದದ್ದೂ ಹಾಗೇ, ಮೂತಿ ಮುಂದಕ್ಕೆ. ನೀರಿಗೆ ಇನ್ನು ಇಪ್ಪತ್ತು ಹೆಜ್ಜೆ. ಹೇಳಿದರೆ ಇವತ್ತಿಗೇ ಕ್ಲಬ್ಬಿನಿಂದ ಹೊರಗೆ. ಇನ್ನು ಯಾರೂ ನನ್ನ ಕೈಗೆ ಒಂದು ಸ್ಕ್ರೂ ಸಹ ಕೊಡುವುದಿಲ್ಲ. ಅವನಂತೂ. ಹೇಳದಿದ್ದರೆ ಎರಡು ಲ್ಯಾಪ್, ಎರಡು ನಿಮಿಷ, ಸಮ. ಬೇಕು ಬೇಕು ಅಂತಿದ್ದದ್ದು ಇದೇ.

ವರ್ಷದಿಂದ ಅವನನ್ನು ಕರೆದಿಲ್ಲ. ಮೊದಲು ಬರೆದು ನೋಡುತ್ತೇನೆ, ಆಮೇಲೆ ಕೂಗುವುದು ಸುಲಭವಾದೀತು.

ಮೆಟ್ಟಿಲು ಇಳಿಯುತ್ತಿದ್ದಾನೆ —

ಅಣ್ಣಾ, ಟೇಪ್ ಕಿತ್ತು ನೋಡು, ಕಾಲೆಟ್ —