ಪೂರ್ವಿಯ ಬ್ಯಾಲೆ, ಅಮ್ಮನ ಪೌಡರ್

ನವೆಂಬರ್ 3, ಸೋಮವಾರ

ಆಸ್ಪತ್ರೆಯ ವಾರ್ಡಿನಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಮನೆಗೆ ಬಂದರೆ ಮಗಳು ಪೂರ್ವಿ ಬ್ಯಾಲೆ ಕ್ಲಾಸಿಗೆ ಹೋಗಲ್ಲ ಅಂತ ಹಟ. "ಬ್ಯಾಲೆರಿನಾಸ್ ಡೋಂಟ್ ಲುಕ್ ಲೈಕ್ ಮಿ, ಮಮ್ಮಿ." ಏಳು ವರ್ಷಕ್ಕೇ ಈ ಮಾತು!

ದಾವಣಗೆರೆಯಿಂದ ನ್ಯೂಜಿಲೆಂಡಿಗೆ ಬಂದಿರುವ ನನ್ನಮ್ಮ ಸಮಾಧಾನಕ್ಕೆ ನಿಂತಳು. "ಕಪ್ಪಿದ್ರೂ ಲಕ್ಷಣವಾಗಿದೀಯ ಬಿಡು, ಕಂದ."

ನಾನೂ ಇದನ್ನೇ ಕೇಳಿ ಬೆಳೆದವಳು. ಮೈ ಉರಿಯಿತು. ಪೂರ್ವಿಯ ಬ್ಯಾಲೆ ಬ್ಯಾಗ್ ಎತ್ತಿ ಮೂಲೆಗಿಟ್ಟೆ.

ನವೆಂಬರ್ 6

ನಮ್ಮೂರು ಟೌರಂಗಾದ ಲೈಬ್ರರಿಯಲ್ಲಿ ಕಪ್ಪು ಬ್ಯಾಲೆರಿನಾಗಳ ಬಗ್ಗೆ ಮಕ್ಕಳ ಪುಸ್ತಕ ಸಿಕ್ಕಿತು. ಪೂರ್ವಿ ಕಾರಿನಲ್ಲೇ ಓದಲು ಶುರು. ಮನೆಯಲ್ಲಿ ಅಜ್ಜಿಗೂ ಓದಿದಳು. ಅಜ್ಜಿಗೆ ಇಂಗ್ಲಿಷ್ ಬಾರದು, ಕನ್ನಡಕ್ಕೆ ತರುವವಳು ನಾನು.

ಒಂದು ಪುಟದಲ್ಲಿ ನರ್ತಕಿಗೆ ಹೇಳುತ್ತಾರೆ — ಸ್ಟೇಜ್ ಹತ್ತಬೇಕಾದರೆ ಮುಖಕ್ಕೆ ಬಿಳಿ ಬಳಿದುಕೋ ಅಂತ. ಅಮ್ಮ ತಲೆದೂಗಿದಳು. "ಸ್ಟೇಜ್ ಅಂದ್ಮೇಲೆ ಬಳೀಬೇಕಲ್ಲ!"

"ನೋ ಅಜ್ಜಿ! ದಟ್ಸ್ ದ ಸ್ಯಾಡ್ ಪಾರ್ಟ್."

ಪೂರ್ವಿಯ ಈ ಮಾತನ್ನು ಮಾತ್ರ ಅಮ್ಮನಿಗೆ ಕನ್ನಡದಲ್ಲಿ ಹೇಳಲಿಲ್ಲ. ಯಾಕೆ ರಾಮಾಯಣ ಅಂತ ಟೀ ಇಡಲು ಎದ್ದೆ.

ನವೆಂಬರ್ 10

ಪೂರ್ವಿ ತಾನಾಗಿಯೇ ಕ್ಲಾಸಿಗೆ ಹೊರಟಳು. ಬ್ಯಾಗಿನಲ್ಲಿ ಪುಸ್ತಕ. ಖುಷಿಗೆ ನನಗೇ ಅಳು.

ನವೆಂಬರ್ 22, ಶನಿವಾರ

ಪೂರ್ವಿಯ ಶೋ. ಡ್ಯೂಟಿಯಿಂದ ನೇರ ಹಾಲ್‌ಗೆ ಓಡಿದೆ. ಅಜ್ಜಿ-ಮೊಮ್ಮಗಳು ಮೊದಲೇ ಬಂದಿದ್ದರು.

ಗ್ರೀನ್ ರೂಮಿನಲ್ಲಿ ನೋಡುತ್ತೇನೆ — ಮಗುವಿನ ಮುಖವೆಲ್ಲ ಪೌಡರ್. ಮುಖ ಬಿಳಿ, ಕುತ್ತಿಗೆ ಅವಳದೇ ಬಣ್ಣ. ಸ್ಕೂಲ್ ಡೇಗೆ ಅಮ್ಮ ನನಗೆ ಬಳಿಯುತ್ತಿದ್ದಳಲ್ಲ, ಹಾಗೇ, ಅಷ್ಟೇ ಪ್ರೀತಿಯಿಂದ.

ಪೂರ್ವಿ ಅಳುತ್ತಿರಲಿಲ್ಲ. ನನ್ನ ಕಿವಿಯಲ್ಲಿ — "ಐ ಆಮ್ ನಾಟ್ ಗೋಯಿಂಗ್ ಆನ್. ಡೋಂಟ್ ಟೆಲ್ ಅಜ್ಜಿ ವೈ." ಅಜ್ಜಿಗೆ ಬೇಜಾರಾಗಬಾರದಂತೆ!

ಅಮ್ಮನಿಗೆ ಹೇಳಿಬಿಟ್ಟೆ. ಪೂರ್ತಿ. ಆ ಪುಟದ ವಿಷಯವನ್ನೂ.

ಅಮ್ಮ ಪೌಡರ್ ಡಬ್ಬಿ ಮುಚ್ಚಿಟ್ಟಳು. "ನಿಂಗೂ ಹಿಂಗೇ ಆಗ್ತಿತ್ತೇನೇ, ರಶ್ಮಿತಾ?"

ಹೂಂ ಅಂದೆ.

ನಲ್ಲಿಗೆ ಸೆರಗು ಹಿಡಿದಳು. ಪೂರ್ವಿಯ ಮುಖ ಒರೆಸಿದಳು, ಕಿವಿಯ ಹಿಂದೆ, ಹುಬ್ಬಿನ ಸಂದಿ, ಬಿಡದೆ. ಅಷ್ಟರಲ್ಲಿ ಟೀಚರ್ ಕರೆದರು. ಪೂರ್ವಿ ಅಜ್ಜಿಗೊಂದು ಮುತ್ತು ಕೊಟ್ಟು ಸ್ಟೇಜಿಗೆ ಓಡಿದಳು.

ನಾನೂ ಹೊರಟೆ. ಅಮ್ಮ ಕೈ ಹಿಡಿದು ನಿಲ್ಲಿಸಿದಳು. ನನ್ನ ಮುಖದ ಮೇಲೆ ನಾನು ದಿನಾ ಹಚ್ಚುವ ಫೌಂಡೇಶನ್ ಕ್ರೀಮ್ — ನನ್ನ ಬಣ್ಣಕ್ಕಿಂತ ಎರಡು ಶೇಡ್ ತಿಳಿ. ಒದ್ದೆ ಸೆರಗು ಕೆನ್ನೆಯ ಹತ್ತಿರ ತಂದಳು. "ಒರೆಸ್ಲಾ?" ಅಂದಳು. ನಾನು ಕಣ್ಣು ಮುಚ್ಚಿ ಮುಖ ಮುಂದೆ ಚಾಚಿದೆ.