ಮೂರನೆಯ ಅಂಶ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6-10

ಗಡಿಯಾರಕ್ಕೆ ಕೀ ಕೊಟ್ಟೆ. ತೂಕದ ಬಟ್ಟುಗಳನ್ನು ಒರೆಸಿಟ್ಟೆ. ಐದು ಕೆಜಿಯವು, ನಾಲ್ಕು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರನಾಗಿದ್ದುದಕ್ಕೆ ಉಳಿದಿರುವ ಗುರುತು ಇಷ್ಟೇ.

ಯಾರೋ ಮೆಟ್ಟಿಲು ಹತ್ತಿದರು. ಹೆಂಡತಿ ಬಾಗಿಲ ಕಡೆ ಕಿವಿಗೊಟ್ಟು ನಿಂತಳು, ಮತ್ತೆ ಒಳಗೆ ಹೋದಳು. ಮಗಳು ಎರಡನೆಯ ಮಹಡಿಗೆ ಬರುವ ಮೊದಲೇ ಅವಳ ಎದೆಯ ಸದ್ದು ಮನೆ ತಲುಪುತ್ತಿತ್ತು. ಅದಕ್ಕೇ ಸಿಳ್ಳೆ ಎಂಬ ಅಡ್ಡಹೆಸರು. ಇಟ್ಟವನು ನಾನು.

ಅವಳು ಹೋಗಿ ನಲವತ್ತೊಂದು ದಿನವಾಯಿತು. ಮೂವತ್ತನಾಲ್ಕು ವರ್ಷದವಳು. ಕನ್ನಡಕದ ಅಂಗಡಿಯಲ್ಲಿ ಕೂತು ಗಾಜು ಉಜ್ಜುತ್ತಿದ್ದವಳು. ಇದೇ ಮೆಟ್ಟಿಲ ಮೇಲೆ, ಸಂಜೆ ಏಳಕ್ಕೆ, ಆಸ್ತಮಾ ಕೆರಳಿ… ಸಾಕು.

ದೂರು ಬರೆಯಲು ಆರಂಭಿಸಬೇಕು.

ಮಾರ್ಚ್ 4, ಮಂಗಳವಾರ

ದೂರು ಮುಗಿಯಿತು. ಮಗಳಿಗೆ ವ್ಯಾಯಾಮ ಹೇಳಿಕೊಡುತ್ತಿದ್ದ ಕ್ಲಿನಿಕ್ಕಿನ ಫಿಸಿಯೋ ಮೇಲೆ. ಮೂರು ಅಂಶ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಗುರುಗಳು ಕಲಿಸಿದ್ದು: ಎರಡು ಅಂಶ ಬಡತನ, ನಾಲ್ಕು ಅಂಶ ಗದ್ದಲ.

ಒಂದು, ತೊಂಬತ್ತಾರು ಕೆಜಿ ತೂಕದ ಆಸ್ತಮಾ ರೋಗಿಯನ್ನು ನಡಿಗೆಗೆ ಹಚ್ಚಿದ್ದು ಅವಿವೇಕ. ಎರಡು, ಮನೆಯವರ ಸ್ಪಷ್ಟ ವಿರೋಧವನ್ನು ಲೆಕ್ಕಿಸಲಿಲ್ಲ. ಮೂರು, ಡಿಸೆಂಬರಿನಲ್ಲಿ ನಾನು ಮಗಳ ನಡಿಗೆ ನಿಲ್ಲಿಸಿದ ಮೇಲೂ ಅವಳನ್ನು ಗುಟ್ಟಾಗಿ ನಡೆಸಿದಳು. ಸಾಕ್ಷಿ: ಸತ್ತ ದಿನ ಮಗಳ ಬ್ಯಾಗಿನಲ್ಲಿ ನಡಿಗೆಯ ಬೂಟುಗಳಿದ್ದವು.

ಇವಳಿಗೆ, ಹೆಂಡತಿಗೆ, ಓದಿ ಹೇಳಿದೆ.

"ಆ ಹುಡುಗಿಯ ಕೆಲಸ ಹೋಗುತ್ತೆ ಕಣ್ರೀ."

"ಹೋಗಲೆಂದೇ ಬರೆದದ್ದು."

ಇವಳು ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು.

ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ

ಕ್ಲಿನಿಕ್ಕಿಗೆ ಹೋಗಿ ದೂರು ಕೊಟ್ಟು ಬಂದೆ. ವಿಚಾರಣೆ ಇಪ್ಪತ್ತೊಂದಕ್ಕೆ. ಕಾರಿಡಾರಿನಲ್ಲಿ ಫಿಸಿಯೋ ಎದುರಾದಳು. ಮಗಳಿಗಿಂತ ಚಿಕ್ಕವಳು. ಕೈಯಲ್ಲಿ ಯಾರದೋ ಊರುಗೋಲು.

"ಸರ್, ಡಿಸೆಂಬರ್ ಮಧ್ಯದಿಂದ ಅವರು ಬರಲೇ ಇಲ್ಲ. ನಾನೇ ಎರಡು ಸಲ ಫೋನ್ ಮಾಡಿದ್ದೆ."

"ಪ್ರತಿವಾದಿಯ ಹೇಳಿಕೆ ಪುರಾವೆಯಾಗದು."

"ಅವರೂ ಹೀಗೇ ಮಾತಾಡ್ತಿದ್ರು ಸರ್. 'ನಾನು ಅಪ್ಪನ ಮಗಳು, ಪುರಾವೆ ಇಲ್ದೆ ಒಂದು ಹೆಜ್ಜೆನೂ ಇಡಲ್ಲ' ಅಂತ. ದಿನಾ ಪುಸ್ತಕದಲ್ಲಿ ಬರೀತಿದ್ರು. ಅದು ಮನೇಲಿರಬೇಕು, ನೋಡಿ."

ದೂರಿನ ರಸೀದಿಯನ್ನು ಜೇಬಿಗಿಟ್ಟು ಮೆಟ್ಟಿಲು ಇಳಿದೆ.  

ಮಾರ್ಚ್ 9, ಭಾನುವಾರ

ಭಾನುವಾರಗಳು ಕಷ್ಟ. ಈ ಮನೆಯಲ್ಲಿ ಯಾವ ತಕರಾರೂ ಕೂಗಾಟದಲ್ಲಿ ತೀರಿದ್ದಿಲ್ಲ. ಭಾನುವಾರ ಹನ್ನೊಂದಕ್ಕೆ ಚರ್ಚೆಯಲ್ಲಿ ತೀರುತ್ತಿತ್ತು. ಮಗಳಿಗೆ ಹತ್ತು ವರ್ಷವಾದಾಗ ನಾನು ತಂದ ಪದ್ಧತಿ. ತಲಾ ಮೂರು ನಿಮಿಷ. ತಾಯಿ ತೀರ್ಪುಗಾರಳು. ಹೊತ್ತು ಮುಗಿದರೆ ಲೋಟಕ್ಕೆ ಚಮಚ ಬಡಿಯುವಳು. ಇಬ್ಬರ ಟಿಪ್ಪಣಿ ಚೀಟಿಗಳೂ ಅವಳ ಡಬ್ಬಿಗೆ ಸೇರಬೇಕು. ಸೋತವರು ತೀರ್ಪಿಗೆ ಬದ್ಧರು, ಗೊಣಗುವಂತಿಲ್ಲ. ಮಗಳ ಮೊದಲ ವಿಷಯ, 'ಶಾಲೆಯಲ್ಲಿ ನಾನೂ ಓಡಬೇಕು'. ಸೋತಳು. ಆಟದಿಂದ ಬಿಡುವು ಕೊಡಿಸುವ ಪತ್ರವನ್ನು ವರ್ಷವರ್ಷವೂ ನಾನೇ ಬರೆದೆ.

ಕೊನೆಯ ಚರ್ಚೆ ಡಿಸೆಂಬರ್ ಹದಿನೈದರಂದು. ವಿಷಯ: ಆಸ್ತಮಾ ಇರುವವರು ದೇಹ ದಂಡಿಸಬಾರದು. ಪರವಾಗಿ ನಾನು.

ಅವಳು ತೂಕ ಆರು ಕೆಜಿ ಇಳಿದಿದೆ ಎಂದಳು. ಯಾವ ಮಷೀನಿನಲ್ಲಿ ಎಂದೆ. ಮನೆಯದರಲ್ಲಿ.

"ಇಲಾಖೆಯ ಮುದ್ರೆಯಿಲ್ಲದ ಮಷೀನು. ಪುರಾವೆ ತಿರಸ್ಕೃತ."

"ಅಯ್ಯೋ ಅಪ್ಪ, ನನ್ನ ಸೊಂಟಕ್ಕೂ ಮುದ್ರೆ ಹಾಕಿಸ್ಕೊಂಡು ಬರ್ಲಾ?"

ತಾಯಿ ನಕ್ಕಳು. ನಗು ಎದುರಾಳಿಯ ಪಾಲಾಗಬಾರದು; ಅದೂ ಗುರುಗಳ ಪಾಠ. ಆನೆ ನಡೆದದ್ದೇ ದಾರಿ ಎನ್ನುವವರೊಡನೆ ನಾನೇನು ವಾದಿಸಲಿ ಎಂದೆ. ತಾಯಿ ಮತ್ತೆ ನಕ್ಕಳು. ಮಗಳೂ ನಕ್ಕಳು. ಆ ನಗುವಿನಲ್ಲೇ ಕೆಮ್ಮು ಹತ್ತಿತು. ಎರಡನೆಯ ಅಂಶದಲ್ಲಿದ್ದಳು. ಆಸ್ತಮಾ ಪಂಪು ಹುಡುಕಿ, ಎಳೆದುಕೊಂಡು, ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಚಮಚ ಬಡಿಯಿತು.

"ನೋಡು," ಎಂದೆ, "ನನ್ನ ವಾದವನ್ನು ನಿನ್ನ ಎದೆಯೇ ಮಂಡಿಸಿತು."

ಚಪ್ಪಾಳೆ ಗಿಟ್ಟಿಸುವ ವಾಕ್ಯ. ಗೆದ್ದೆ.

ಮಾರ್ಚ್ 10, ಸೋಮವಾರ

ಫಿಸಿಯೋ ಹೇಳಿದ ಆ ಪುಸ್ತಕ ಕೊಡು ಎಂದು ಇವಳನ್ನು ಕೇಳಿದೆ. ಎಲ್ಲಿದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಸೀರೆಗಳ ಅಡಿಯಿಂದ ತೆಗೆದು ಕೊಟ್ಟಳು.

ಸೆಪ್ಟೆಂಬರ್ 2ರಿಂದ ಆರಂಭ. ಮೂರು ಕಾಲಂ: ನಡಿಗೆ, ತೂಕ, ಊದು. ಉಸಿರಿನ ವೇಗ ಅಳೆಯಲು ಬೆಳಿಗ್ಗೆ ಬೆಳಿಗ್ಗೆ ಒಂದು ಪ್ಲಾಸ್ಟಿಕ್ ಕೊಳವೆಗೆ ಊದುತ್ತಿದ್ದಳು. ಮುಳ್ಳು ನಿಂತಲ್ಲಿ ಅಂಕಿ; ಅಂಕಿ ಏರಿದಷ್ಟೂ ಉಸಿರು ಸಲೀಸು. ಆ ಸದ್ದನ್ನು ನಾನು ಹಾಸಿಗೆಯಲ್ಲೇ ಕೇಳುತ್ತಿದ್ದೆ. ಏನೆಂದು ಕೇಳಿದ್ದಿಲ್ಲ.

ಮೊದಲ ದಿನ ನಡಿಗೆ ಆರು ನಿಮಿಷ, ತೂಕ 96, ಊದು 240. ಪಕ್ಕದಲ್ಲಿ: 'ಮೊದಲು ಪಂಪು, ಆಮೇಲೆ ನಿಧಾನ ನಡಿಗೆ, ಸದ್ದು ಬಂದರೆ ನಿಲ್ಲು — ಫಿಸಿಯೋ.' ಅಕ್ಟೋಬರ್ ಕೊನೆಗೆ ಇಪ್ಪತ್ತೆರಡು ನಿಮಿಷ, 275. 'ಮೆಟ್ಟಿಲಲ್ಲಿ ಒಂದೇ ಕಡೆ ನಿಂತೆ. ಅಮ್ಮನಿಗೆ ನಾನು ಬಂದದ್ದು ಗೊತ್ತಾಗಲಿಲ್ಲ!' ಡಿಸೆಂಬರ್ 14: ಮೂವತ್ತೈದು ನಿಮಿಷ, 89.6, 330.

ಡಿಸೆಂಬರ್ 15: 'ಸೋತೆ.'

ಆಮೇಲೆ ನಡಿಗೆಯ ಕಾಲಂನಲ್ಲಿ ಪ್ರತಿದಿನ ಒಂದು ಸೊನ್ನೆ. ಬಿಟ್ಟುಬಿಡಬಹುದಿತ್ತು, ಪ್ರಾಮಾಣಿಕವಾಗಿ ತುಂಬಿದ್ದಾಳೆ. ಊದು 310. 285. 250. ಜನವರಿ ಹದಿನೆಂಟಕ್ಕೆ 210. 'ಫಿಸಿಯೋ ಫೋನು. ಅಪ್ಪ ಗೆದ್ದಿದ್ದಾರೆ, ಮಾತೆಂದರೆ ಮಾತು ಎಂದೆ.'

ಜನವರಿ 20: 'ಬೂಟು ಸುಮ್ಮನೆ ಬಿದ್ದಿದೆ. ನಾಳೆ ಅಂಗಡಿಯ ಕೌಂಟರಿನವಳಿಗೆ ಕೊಡುವುದು. ಅವಳ ಕಾಲಿಗೆ ಸರಿಹೋಗುತ್ತದೆ.'

ಮರುದಿನ ಆ ಹುಡುಗಿ ರಜೆಯಿದ್ದಿರಬೇಕು, ಬೂಟು ಬ್ಯಾಗಿನಲ್ಲೇ ಮನೆಗೆ ಮರಳಿತು. 21ರ ಸಾಲಿಲ್ಲ.

ಮಾರ್ಚ್ 12, ಬುಧವಾರ. ಸಂಜೆ

ಒಂದು ದಾರಿ ಉಳಿದಿತ್ತು. ಮಗಳ ತೂಕದ ಮಷೀನು ತಪ್ಪಾಗಿರಬೇಕು. ತೂಕ ಇಳಿಯದೇ ಇದ್ದರೆ ಮಿಕ್ಕ ಅಂಕಿಗಳನ್ನೂ ಪ್ರಶ್ನಿಸಬಹುದು.

ಹಳೆ ಪೇಪರ್ ಅಂಗಡಿಯಲ್ಲಿ ಇಲಾಖೆಯ ಮುದ್ರೆಯಿರುವ ತೂಕದ ಕಾಟಾ ಇದೆ. ಹತ್ತಿ ನಿಂತೆ. ಅಂಗಡಿಯವನು ಮುಖ ನೋಡಿದ. "ಏನ್ ಸಾರ್, ನಿಮ್ಮನ್ನೂ ರದ್ದಿಗೆ ಹಾಕ್ತಿದೀರಾ?" 71.4. ಮನೆಗೆ ಬಂದು ಮಗಳ ಮಷೀನನ್ನು ಹತ್ತಿದೆ. 71.4. ನಾಲ್ಕು ಬಟ್ಟುಗಳನ್ನೂ ಎತ್ತಿಕೊಂಡು ನಿಂತೆ, ಇಪ್ಪತ್ತು ಕೆಜಿ. 91.4. ಕೂದಲೆಳೆಯಷ್ಟೂ ತಪ್ಪಿಲ್ಲ.

ಇಳಿಯಲು ಆಗಲಿಲ್ಲ. ಇವಳು ಬಂದು ಬಟ್ಟುಗಳನ್ನು ಒಂದೊಂದಾಗಿ ಕೈಯಿಂದ ತೆಗೆದುಕೊಂಡಳು.

ಮಾರ್ಚ್ 21, ಶುಕ್ರವಾರ

ವಿಚಾರಣೆ. ಕ್ಲಿನಿಕ್ಕಿನ ಸಮಿತಿಯ ಮೂವರು ಸದಸ್ಯರು. ಎದ್ದು ನಿಂತೆ. ನಲವತ್ತೈದು ವರ್ಷದ ಅಭ್ಯಾಸ: ಎದ್ದು ನಿಂತರೆ ಮಾತು ತಾನೇ ಬರುತ್ತದೆ. ಇಂದು ಮೊದಲು ಮಗಳ ಪುಸ್ತಕವನ್ನು ಮೇಜಿನ ಮೇಲಿಟ್ಟೆ.

"ದೂರನ್ನು ಹಿಂಪಡೆಯುತ್ತೇನೆ. ನನ್ನ ಮೂರು ಅಂಶಗಳೂ ಸುಳ್ಳು."

ಫಿಸಿಯೋ ಹೊರಗೆ ಅಳುತ್ತಿದ್ದಳು. ಕೇಳಬಾರದಿತ್ತು, ಕೇಳಿದೆ. ನಡಿಗೆ ಬಿಡದಿದ್ದರೆ ಬದುಕುತ್ತಿದ್ದಳೇ?

"ಹಾಗಂತ ನಾನು ಹೇಳಲ್ಲ ಸರ್. ಯಾರಿಗೂ ಹೇಳೋಕಾಗಲ್ಲ. ನಡೀತಿದ್ದವರಿಗೂ ಒಮ್ಮೊಮ್ಮೆ ಜೋರಾಗಿ ಬಂದುಬಿಡುತ್ತೆ." ಕಣ್ಣೊರೆಸಿಕೊಂಡು, "ಆದ್ರೆ ಸುಧಾರಿಸ್ತಿದ್ರು ಸರ್. ಅದಂತೂ ನಿಜ."

ಶಿಕ್ಷೆಯೂ ಇಲ್ಲ, ಬಿಡುಗಡೆಯೂ ಇಲ್ಲ. ಇಂಥ ತೀರ್ಪನ್ನು ನಾನು ಎಂದೂ ಕೇಳಿರಲಿಲ್ಲ.

ಮಾರ್ಚ್ 23, ಭಾನುವಾರ. ಮಧ್ಯಾಹ್ನ 12

ಹನ್ನೊಂದಕ್ಕೆ ಇವಳು ಮೇಜಿನ ಮೇಲೆ ಲೋಟ ಇಟ್ಟಳು. ಚಮಚ ಇಟ್ಟಳು. ಡಬ್ಬಿ ತಂದಳು.

"ಏನಿದು?"

"ಆವತ್ತು ನಿಮ್ಮನ್ನ ಗೆಲ್ಲಿಸಿದ್ದು ನಾನು. ನಿಮ್ಮ ವಾದಕ್ಕಲ್ಲ. ಅವಳು ಕೆಮ್ಮಿದ್ದು ನೋಡಿ ನನಗೇ ಭಯ ಆಯ್ತು. ಇನ್ನೂ ಅರ್ಧ ನಿಮಿಷ ಇತ್ತು ರೀ… ಮೊದಲೇ ಬಡಿದುಬಿಟ್ಟೆ."

ಇದನ್ನು ಇವಳು ಇಷ್ಟು ದಿನ ಒಬ್ಬಳೇ ಹೊತ್ತಿದ್ದಳು. ನನ್ನ ಎದುರು ಬಾಯಿಬಿಡಲು ಯಾರಿಗೆ ತಾನೇ ಧೈರ್ಯವಿತ್ತು?

ಡಬ್ಬಿಯಿಂದ ಆ ದಿನದ ಚೀಟಿ ತೆಗೆದುಕೊಟ್ಟಳು. ಕನ್ನಡಕದ ಅಂಗಡಿಯ ಬಿಲ್ಲಿನ ಹಿಂಭಾಗ, ಮಗಳ ಅಕ್ಷರ.

"ಅವಳ ಕಡೆಯಿಂದ ನೀವು ಮಾತಾಡಿ. ಪೂರ್ತಿ."

ಎದ್ದು ನಿಂತೆ. ಒಂದು, ತೂಕ ಇಳಿದಿದೆ. ಮಷೀನು ಸರಿಯಿದೆಯೆಂದು ನಾನೇ ಪರೀಕ್ಷಿಸಿದ್ದೇನೆ ಎಂದು ಸೇರಿಸಿದೆ. ಎರಡು, ಊದಿನ ಅಂಕಿ ಏರಿದೆ. ಪುಸ್ತಕ ತೋರಿಸಿ ಅಂಕಿಗಳನ್ನು ಓದಿದೆ.  

ಮೂರನೆಯದನ್ನು ಮಗಳು ಅಂದು ಹೇಳಲೇ ಇಲ್ಲ. ನಾನೂ ಕೇಳಲಿಲ್ಲ. ಚೀಟಿಯಲ್ಲಿದ್ದದ್ದು:

'ಮೂರು. ಒಬ್ಬಳೇ ನಡೆಯುವಾಗ ಭಯ. ಅಪ್ಪ ಜೊತೆಗೆ ಬರಬೇಕು. (ಇದನ್ನು ಕೊನೆಗೆ ಹೇಳುವುದು. ಇದಕ್ಕೆ ಅವರ ಹತ್ತಿರ ಉತ್ತರ ಇರುವುದಿಲ್ಲ.)'

ಮೂರು ನಿಮಿಷ ಯಾವಾಗಲೋ ಆಗಿತ್ತು. ಇವಳು ಚಮಚ ಮುಟ್ಟಲಿಲ್ಲ. ನಾನು ನಿಂತೇ ಇದ್ದೆ. ಉತ್ತರವಾಗಿ ಹೇಳಬೇಕೆಂದಿದ್ದುದು ಇಷ್ಟು, ಮಗಳೇ —